ಹಾಜರಿ ಪುಸ್ತಕದ ಕಸುಬುಗಳು

ತಿಕೋಟಾದ ಕಡೆಯ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಒಂದು ಊರಿನ ಕಸುಬುಗಳೆಲ್ಲ ಸಾಲಾಗಿ ಎದ್ದು ನಿಲ್ಲುತ್ತವೆ: ಅತ್ತಾರ, ಕಂಬಾರ, ಕುಂಬಾರ, ಗಾಣಿಗೇರ, ನದಾಫ, ಬಡಿಗೇರ, ಮಡಿವಾಳರ, ಹೂಗಾರ. 'ಹಾಜರ್' ಎಂದು ಕೈಯೆತ್ತುವ ಮಕ್ಕಳಲ್ಲಿ ಎಷ್ಟೋ ಮಂದಿ ಉಳಿಯನ್ನು ಹಿಡಿದವರಲ್ಲ, ಗಾಣವನ್ನು ಕಂಡವರಲ್ಲ. ಕಸುಬು ಮನೆಯನ್ನು ಬಿಟ್ಟು ಹೋಗಿದೆ. ಹೆಸರು ಮಾತ್ರ ಹೊಸ್ತಿಲಲ್ಲಿ ಉಳಿದಿದೆ.

ಈ ಅಡ್ಡಹೆಸರುಗಳ ಬೇರು ಹಲವು ನೆಲಗಳಿಗೆ ಹರಿಯುತ್ತದೆ. ಬಡಿಗೇರನೆಂದರೆ ಬಡಿಗರ ಮನೆಯವನು. ಬಡಿಗ ಎಂಬುದು ಸಂಸ್ಕೃತದ 'ವರ್ಧಕಿ'ಯ ತದ್ಭವ. ಕುಂಬಾರ 'ಕುಂಭಕಾರ'ನಿಂದ ಬಂದವನು. ಅತ್ತಾರ, ನದಾಫಗಳು ಅರಬ್ಬಿಯವು: ಒಂದು ಸುಗಂಧ ಮಾರುವವನದು, ಇನ್ನೊಂದು ಹತ್ತಿ ಹಿಂಜುವವನದು. 1490ರಿಂದ 1686ರವರೆಗೆ ಆದಿಲಶಾಹಿಗಳು ಆಳಿದ ಈ ಸೀಮೆಯಲ್ಲಿ ಅವೆಲ್ಲವೂ ಒಂದೇ ಪುಟದಲ್ಲಿ ಕೂಡಿರುವುದು ಅಚ್ಚರಿಯಲ್ಲ.

ಇದು ನಮ್ಮಲ್ಲಿಯೇ ಇರುವ ರೂಢಿಯೂ ಅಲ್ಲ. ಜರ್ಮನಿಯಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ಮನೆತನದ ಹೆಸರು ಮ್ಯೂಲರ್. ಅಂದರೆ ಹಿಟ್ಟಿನ ಗಿರಣಿಯವನು. ಶ್ಮಿಟ್ ಎಂದರೆ ಕಮ್ಮಾರ. ನಮ್ಮ ಮಕ್ಕಳಿಗಾಗಿ ಶಾಲಾ ನಿಘಂಟನ್ನು ರಚಿಸಿದ ಬಾಸೆಲ್ ಮಿಶನ್ನಿನ ಜೀಗ್ಲರರ ಹೆಸರಿಗೆ ಇಟ್ಟಿಗೆ ಹೆಂಚುಗಳನ್ನು ಸುಡುವವನೆಂದು ಅರ್ಥ. ಅವರು ಸುಟ್ಟದ್ದು ಹೆಂಚನ್ನಲ್ಲ, ಜೋಡಿಸಿದ್ದು ಶಬ್ದಗಳನ್ನು. ಅದಕ್ಕಾಗಿ ಅವರನ್ನು ಯಾರೂ ಕೀಳಾಗಿ ಕಾಣಲಿಲ್ಲ. ಅಲ್ಲಿ ಕಸುಬು ಹೋದ ಮೇಲೆ ಹೆಸರು ಬರಿಯ ಹೆಸರಾಯಿತು. ಇಲ್ಲಿ ಕಸುಬು ಹೋದರೂ ಹೆಸರಿನ ಬೆನ್ನಿಗೆ ಜಾತಿ ಅಂಟಿಕೊಂಡಿದೆ.

ಒಮ್ಮೆ ಒಬ್ಬ ಹುಡುಗ ನನ್ನ ಬಳಿಗೆ ಬಂದು, ಪರೀಕ್ಷೆಯ ಅರ್ಜಿಯಲ್ಲಿ ಅಡ್ಡಹೆಸರನ್ನು ಬಿಟ್ಟು ಬರೆಯಬಹುದೆ ಎಂದು ಕೇಳಿದನು. ಕಾರಣವೇನೆಂದೆ. 'ಹೆಸರು ಕೇಳಿದ ಮೇಲೆ ಮಾತನಾಡುವ ಧಾಟಿಯೇ ಬದಲಾಗುತ್ತದೆ ಸರ್' ಎಂದನು. ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆ.

ಆಮೇಲೆ ನೆನಪಾದದ್ದು ಇದೇ ವಿಜಾಪುರದಲ್ಲಿ ನೆಲೆಸಿ ದುಡಿದ ಫ. ಗು. ಹಳಕಟ್ಟಿಯವರು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ ಅವರು ಶರಣರ ಮಾತನ್ನು ಮತ್ತೆ ಬೆಳಕಿಗೆ ತಂದರು. ಆ ಶರಣರ ಹೆಸರುಗಳನ್ನು ನೋಡಿರಿ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಮಾಚಿದೇವನಂತೂ ನಮ್ಮ ಜಿಲ್ಲೆಯ ದೇವರ ಹಿಪ್ಪರಗಿಯವನೆಂದು ಪ್ರತೀತಿ. ಹಾಜರಿ ಪುಸ್ತಕದಲ್ಲಿ ಕಸುಬು ಹೆಸರಿನ ಹಿಂದೆ ಬರುತ್ತದೆ. ಇಲ್ಲಿ ಮುಂದೆ ನಿಂತಿದೆ. ಬಟ್ಟೆ ಒಗೆಯುವುದೂ ಹಗ್ಗ ಹೊಸೆಯುವುದೂ ಅವರಿಗೆ ಕಾಯಕ. ಅದರಲ್ಲಿ ಮುಚ್ಚಿಡತಕ್ಕದ್ದು ಏನೂ ಇರಲಿಲ್ಲ.

ಹೆಸರನ್ನು ಇಟ್ಟುಕೊಳ್ಳುವುದೂ ಬಿಡುವುದೂ ಆ ಹುಡುಗನ ಇಚ್ಛೆ. ಆದರೆ ನಾಚಿ ಬಿಡುವ ಹಾಗಾದರೆ ದೋಷ ಹೆಸರಿನದಲ್ಲ, ಕೇಳುವ ಕಿವಿಯದು. ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ವರ್ಷಕ್ಕೊಮ್ಮೆಯಾದರೂ ಹಾಜರಿ ಪುಸ್ತಕವನ್ನೇ ಪಠ್ಯವಾಗಿ ಹಿಡಿದು, ಅದರಲ್ಲಿರುವ ಪ್ರತಿಯೊಂದು ಅಡ್ಡಹೆಸರಿನ ಅರ್ಥವನ್ನು ತರಗತಿಗೆ ತಿಳಿಸಿರಿ. ತನ್ನ ಮನೆತನದವರು ಯಾರ ಬಂಡಿಗೆ ಗಾಲಿ ಕೂಡಿಸಿದರು, ಯಾರ ದೀಪಕ್ಕೆ ಎಣ್ಣೆ ಹಿಂಡಿದರು ಎಂಬುದನ್ನು ಪಕ್ಕದಲ್ಲಿ ಕುಳಿತ ಗೆಳೆಯನೂ ಕೇಳಲಿ.