ಅಡಿರಾಂಡಕ್ ರೈಲುದಾರಿಯೂ ಸಾರ್ವಜನಿಕರ ಹಕ್ಕೂ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಅಡಿರಾಂಡಕ್ ಪರ್ವತಗಳ ಅರಣ್ಯದ ನಡುವೆ, ಟಪ್ಪರ್ ಲೇಕ್ ಎಂಬ ಊರಿನಿಂದ ಸ್ಯಾರನಾಕ್ ಲೇಕನ್ನು ಹಾದು ಲೇಕ್ ಪ್ಲಾಸಿಡ್ಡಿನವರೆಗೆ ಹಾಸಿದ್ದ 34 ಮೈಲಿಗಳ, ಎಂದರೆ ಸುಮಾರು 55 ಕಿಲೋಮೀಟರುಗಳ ರೈಲುಹಳಿಯನ್ನು ಕಿತ್ತು, ಅದೇ ಏರಿಯ ಮೇಲೆ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಗಾಲಿಕುರ್ಚಿಯವರಿಗೂ ಚಳಿಗಾಲದ ಹಿಮವಾಹನಗಳಿಗೂ ಸಮಾನವಾಗಿ ತೆರೆದಿರುವ ಒಂದು ಪಥವನ್ನು ಆ ರಾಜ್ಯದ ಸರಕಾರವು ನಿರ್ಮಿಸಿದೆ. ಅದರ ಮೊದಲ ಭಾಗವು 2023ರ ಅಂತ್ಯದಲ್ಲಿ ಜನರ ಬಳಕೆಗೆ ತೆರೆಯಿತು. ಈ ಕಾರ್ಯದ ಹಿಂದೆ ಹಲವು ವರ್ಷಗಳ ಕಲಹವಿದೆ. ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಕಡೆಗೆ ನ್ಯಾಯಾಲಯದಲ್ಲಿಯೂ ನಡೆದ ಕಲಹ ಅದು. ಹಳಿಯನ್ನು ಕಿತ್ತದ್ದು ಪೂರ್ವಿಕರ ಸಾಧನೆಗೆ ಮಾಡಿದ ದ್ರೋಹವೆಂದು ನಂಬುವವರು ಇಂದಿಗೂ ಅಲ್ಲಿದ್ದಾರೆ, ಮತ್ತು ಅವರು ಗೌರವಾರ್ಹರು. ಆದರೆ ನನ್ನ ಬುದ್ಧಿಗೆ ತೋರುವಂತೆ ಆ ನಿರ್ಧಾರವು ನ್ಯಾಯವಾದದ್ದು. ಅಷ್ಟೇ ಏಕೆ, ಎಂದಾದರೊಂದು ದಿನ ಆ ಕಣಿವೆಗಳಿಗೆ ರೈಲು ಮರಳಬೇಕೆಂದು ಹಂಬಲಿಸುವವರ ಹಿತವೂ ಆ ನಿರ್ಧಾರದಲ್ಲಿಯೇ ಅಡಗಿದೆ.

ದಾರಿಯ ಇತಿಹಾಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವಾದದ ಬೇರು ಇರುವುದು ಅಲ್ಲಿಯೇ. ರೈಲ್ವೆ ಒಡೆಯರಾದ ವಾಂಡರ್‌ಬಿಲ್ಟ್ ಮನೆತನದ ಅಳಿಯನೂ ವೃತ್ತಿಯಿಂದ ವೈದ್ಯನೂ ಆಗಿದ್ದ ವಿಲಿಯಂ ಸೀವರ್ಡ್ ವೆಬ್ ಎಂಬಾತನು, ಬಂಡೆಗಳನ್ನು ಒಡೆಸಿ, ಜೌಗುಗಳಿಗೆ ಮಣ್ಣು ತುಂಬಿಸಿ, ಮೊಹಾಕ್ ನದಿಯ ಕಣಿವೆಯಿಂದ ಕೆನಡಾದ ಗಡಿಯ ಸಮೀಪದ ಮಲೋನ್ ಊರಿನವರೆಗೆ ಕಾಡನ್ನು ಸೀಳಿಕೊಂಡು ಹೋಗುವ ಈ ಮಾರ್ಗವನ್ನು ಸುಮಾರು ಹದಿನೆಂಟು ತಿಂಗಳುಗಳಲ್ಲಿ ಕಟ್ಟಿಸಿ 1892ರಲ್ಲಿ ಪೂರ್ಣಗೊಳಿಸಿದನು. ಆ ಕಾಲಕ್ಕೆ ಸ್ಯಾರನಾಕ್ ಲೇಕಿನಲ್ಲಿ ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೊ ಎಂಬ ವೈದ್ಯನು ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವೊಂದನ್ನು ನಡೆಸುತ್ತಿದ್ದನು. ಔಷಧವಿಲ್ಲದಿದ್ದ ಆ ವ್ಯಾಧಿಗೆ ಪರ್ವತದ ಶುದ್ಧವಾಯುವೇ ಚಿಕಿತ್ಸೆಯೆಂದು ನಂಬಿ ಬಂದ ಎಷ್ಟೋ ಮಂದಿ ರೋಗಿಗಳನ್ನು ಈ ಗಾಡಿಗಳು ನ್ಯೂಯಾರ್ಕ್ ಮಹಾನಗರದಿಂದ ಹೊತ್ತು ತಂದವು. ಮರದ ದಿಮ್ಮಿಗಳೂ, ಸಿರಿವಂತರ ಬೇಸಗೆಯ ಬಿಡಾರಗಳಿಗೆ ಹೋಗುವ ಪರಿವಾರಗಳೂ, ಬಡವರ ಅಂಚೆಯೂ ಇದೇ ದಾರಿಯಲ್ಲಿ ಸಾಗಿದವು. ಇಂತಹ ದಾರಿಯ ಮೇಲೆ ಜನರಿಗೆ ಮಮತೆ ಹುಟ್ಟುವುದು ಸಹಜ. ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿರುವುದೂ ಯುಕ್ತವೇ.

ಅನಂತರ ಮೋಟಾರು ರಸ್ತೆಗಳು ಬಂದವು. 1965ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. 1972ರಲ್ಲಿ ಸರಕು ಸಾಗಾಣಿಕೆಯೂ ನಿಂತಿತು. ಆ ದಶಕದ ನಡುವಿನಲ್ಲಿ ರಾಜ್ಯವು ದಾರಿಯನ್ನು ತನ್ನದಾಗಿಸಿಕೊಂಡಿತು. 1980ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಲೇಕ್ ಪ್ಲಾಸಿಡ್ಡಿನಲ್ಲಿ ನಡೆದಾಗ ಗಾಡಿಗಳು ಅಲ್ಪಕಾಲ ಓಡಿ ಮತ್ತೆ ಸ್ತಬ್ಧವಾದವು. 1992ರಿಂದ ಮುಂದಕ್ಕೆ ರೈಲುಪ್ರೇಮಿಗಳಾದ ಸ್ವಯಂಸೇವಕರು ದಕ್ಷಿಣ ಭಾಗದ ಥೆಂಡಾರಾ ಎಂಬ ಊರಿನ ಸುತ್ತ ಪ್ರವಾಸಿಗಳ ಗಾಡಿಯೊಂದನ್ನು ಆರಂಭಿಸಿ, ಕೆಲವು ವರ್ಷಗಳ ಬಳಿಕ ಉತ್ತರದ ತುದಿಯ ಹತ್ತು ಮೈಲಿಯಲ್ಲಿಯೂ ಓಡಿಸಿದರು. ಆ ಎರಡು ತುದಿಗಳ ನಡುವೆ, ದಕ್ಷಿಣದ ರೆಮ್ಸೆನ್ ಊರಿನಿಂದ ಲೇಕ್ ಪ್ಲಾಸಿಡ್ಡಿನವರೆಗಿನ 119 ಮೈಲಿಗಳ ಬಹುಭಾಗದಲ್ಲಿ, ದಶಕಗಳ ಕಾಲ ಯಾವ ಪ್ರಯಾಣಿಕನೂ ಸಂಚರಿಸಲಿಲ್ಲ. ಸ್ಲೀಪರುಗಳು ಕೊಳೆತವು, ಹಳಿಯ ನಡುವೆ ಗಿಡಗಳು ಮರಗಳಾದವು, ಕೊಳಾಯಿ ಮೋರಿಗಳು ಕಟ್ಟಿಕೊಂಡು ನೀರು ಏರಿಯನ್ನು ಕೊರೆಯಿತು.

ವಿವಾದ ತಲೆಯೆತ್ತಿದ್ದು ಈ ಸ್ಥಿತಿಯಲ್ಲಿ. ಒಂದು ಪಕ್ಷದವರು ಹಳಿಯನ್ನು ಕಿತ್ತು ಪಥವನ್ನು ಮಾಡಿರೆಂದರು. ಮತ್ತೊಂದು ಪಕ್ಷದವರು ಇಡೀ ಮಾರ್ಗವನ್ನು ದುರಸ್ತಿ ಮಾಡಿ ಗಾಡಿಯನ್ನು ಓಡಿಸಿರೆಂದರು. ಎರಡನೆಯವರ ವಾದವನ್ನು ಅದರ ಪೂರ್ಣಬಲದಲ್ಲಿಯೇ ಮುಂದಿಡುತ್ತೇನೆ. ಬಹುಜನರನ್ನು ಅಲ್ಪ ಇಂಧನದಲ್ಲಿ ಒಯ್ಯಬಲ್ಲ ವಾಹನ ರೈಲು. ನಡೆಯಲಾರದ ವೃದ್ಧರೂ ಕೂಸುಗಳೂ ಅದರಲ್ಲಿ ಕುಳಿತು ಅರಣ್ಯವನ್ನು ಕಾಣಬಲ್ಲರು. ಒಮ್ಮೆ ಕಿತ್ತ ಹಳಿಯನ್ನು ಮತ್ತೆ ಹಾಸಿದ ಸರಕಾರಗಳು ವಿರಳ. ಹವೆಯ ವೈಪರೀತ್ಯದ ಭಯವು ಲೋಕವನ್ನೆಲ್ಲ ಆವರಿಸಿರುವ ಕಾಲದಲ್ಲಿ ಇದ್ದ ರೈಲುದಾರಿಯನ್ನು ಅಳಿಸುವುದು ದೂರದೃಷ್ಟಿಯ ಲಕ್ಷಣವಲ್ಲ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇವೆಲ್ಲ ಓಡುತ್ತಿರುವ ರೈಲಿನ ಗುಣಗಳು. ಉತ್ತರದ ತುದಿಯಲ್ಲಿ ಹತ್ತು ಮೈಲಿಗಳ ಮೇಲೆ ಪ್ರವಾಸದ ಋತುವಿನಲ್ಲಿ ಓಡಿದ ವಿನೋದದ ಗಾಡಿಯು ಯಾವ ಕೂಲಿಯವನನ್ನೂ ಕೆಲಸಕ್ಕೆ ಒಯ್ಯಲಿಲ್ಲ, ಯಾವ ರೋಗಿಯನ್ನೂ ಆಸ್ಪತ್ರೆಗೆ ಸೇರಿಸಲಿಲ್ಲ. ಉಳಿದ ಇಪ್ಪತ್ತನಾಲ್ಕು ಮೈಲಿಗಳಲ್ಲಿ ಅದೂ ಇರಲಿಲ್ಲ. ಓಡದ ರೈಲಿನ ಹೆಸರಿನಲ್ಲಿ, ಓಡುವ ರೈಲಿಗೆ ಸಲ್ಲಬೇಕಾದ ಮನ್ನಣೆಯನ್ನು ಕೇಳುವುದು ಹೇಗೆ ಸಾಧು?

ಹಳಿಯೂ ಇರಲಿ, ಅದರ ಪಕ್ಕದಲ್ಲಿ ಪಥವೂ ಇರಲಿ ಎಂಬ ಸಲಹೆಯು ಕೇಳುವುದಕ್ಕೆ ಇಂಪಾದದ್ದು. ಸೌಮ್ಯ ಸ್ವಭಾವದವರೆಲ್ಲ ಮೊದಲು ಒಪ್ಪುವುದು ಅದನ್ನೇ. ಆದರೆ ಆ ದಾರಿಯ ನೆಲವನ್ನು ಬಲ್ಲವರಿಗೆ ಅದರ ಕಷ್ಟ ತಿಳಿಯುತ್ತದೆ. ವೆಬ್ಬನ ಕಾಲದ ಏರಿಯು ಅನೇಕ ಕಡೆ ಸರೋವರಗಳ ಅಂಚಿನಲ್ಲಿ, ಜೌಗುನೆಲದ ಮಧ್ಯದಲ್ಲಿ, ಒಂದೇ ಗಾಡಿಗೆ ಸಾಲುವಷ್ಟು ಅಗಲದಲ್ಲಿ ಸಾಗಿದೆ. ಅದನ್ನು ಇಮ್ಮಡಿಯಾಗಿ ಅಗಲಿಸಬೇಕಾದರೆ ಆ ಜೌಗನ್ನು ತುಂಬಬೇಕು. ಈ ದಾರಿ ಹಾಯುವ ಅಡಿರಾಂಡಕ್ ಉದ್ಯಾನವೆಂದರೆ ಸುಮಾರು 60 ಲಕ್ಷ ಎಕರೆಗಳ ವಿಸ್ತಾರವುಳ್ಳದ್ದು, ಅದರಲ್ಲಿ ರಾಜ್ಯದ ಒಡೆತನದ ಅರಣ್ಯವು ಎಂದೆಂದಿಗೂ ಕಾಡಾಗಿಯೇ ಉಳಿಯತಕ್ಕದ್ದೆಂದು 1894ರಿಂದ ರಾಜ್ಯದ ಸಂವಿಧಾನವೇ ವಿಧಿಸಿದೆ. ಅಂತಹ ನೆಲದಲ್ಲಿ ವಿನೋದಕ್ಕಾಗಿ ಜೌಗನ್ನು ಮುಚ್ಚುವುದನ್ನು ರೈಲಿನ ಪಕ್ಷದವರೂ ಪಥದ ಪಕ್ಷದವರೂ ಮನಃಪೂರ್ವಕವಾಗಿ ಸಮರ್ಥಿಸಲಾರರು.

ಸರಕಾರವು 2016ರಲ್ಲಿ ಮಾಡಿದ ವಿಭಾಗವನ್ನು ನಾನು ಒಪ್ಪುವುದು ಈ ಕಾರಣಗಳಿಂದ: ಟಪ್ಪರ್ ಲೇಕಿನ ದಕ್ಷಿಣಕ್ಕೆ 85 ಮೈಲಿ ರೈಲಿಗೆ, ಉತ್ತರಕ್ಕೆ 34 ಮೈಲಿ ಪಥಕ್ಕೆ. ಆದರೆ ಅದನ್ನು ಜಾರಿಗೆ ತಂದ ರೀತಿಯನ್ನು ಒಪ್ಪಲಾರೆ. ರೈಲಿನ ಪಕ್ಷದವರು ನ್ಯಾಯಾಲಯಕ್ಕೆ ಹೋದರು. 2017ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ರಾಬರ್ಟ್ ಮೇನ್ ಅವರು ಆ ಯೋಜನೆಯನ್ನೇ ರದ್ದುಮಾಡಿದರು. ಉದ್ಯಾನದ ಭೂಬಳಕೆಯ ನಿಯಮಗಳಲ್ಲಿ ಹಳಿ ತೆಗೆದ ದಾರಿಗೆ ಅವಕಾಶವಿರಲಿಲ್ಲ. ಐತಿಹಾಸಿಕ ಸ್ವತ್ತಿನ ರಕ್ಷಣೆಯ ವಿಚಾರ ಅಪೂರ್ಣವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಯ ಕೆಲವು ತುಂಡುಗಳ ಒಡೆತನವೇ ರಾಜ್ಯಕ್ಕೆ ಸ್ಪಷ್ಟವಾಗಿರಲಿಲ್ಲ. ನಿಯಮಗಳನ್ನು ತಿದ್ದಿ ಯೋಜನೆಗೆ ಮತ್ತೆ ಅನುಮೋದನೆ ಪಡೆಯುವ ಹೊತ್ತಿಗೆ 2020 ಬಂದಿತು. ಆ ತೀರ್ಪನ್ನು ಪಥದ ಪಕ್ಷದವರು ಅಂದು ವಿಘ್ನವೆಂದು ಬಗೆದರು. ನಾನಾದರೋ ಅದನ್ನು ಉಪಕಾರವೆಂದೇ ಎಣಿಸುತ್ತೇನೆ, ಏಕೆಂದರೆ ಹಳಿಯೋ ಜಲ್ಲಿಯೋ ಎಂಬ ಚರ್ಚೆಯ ಗದ್ದಲದಲ್ಲಿ ಎಲ್ಲರೂ ಮರೆತಿದ್ದ ಮೂಲಪ್ರಶ್ನೆಯನ್ನು ಅದು ಎತ್ತಿ ಹಿಡಿಯಿತು: ಗಾಡಿ ನಿಂತ ಮೇಲೆ ಆ ನೆಲ ಯಾರದು?

ಈ ಪ್ರಶ್ನೆಗೆ ಅಮೆರಿಕದಲ್ಲಿ ಸಿಕ್ಕಿರುವ ಉತ್ತರಗಳು ವಿಚಾರಯೋಗ್ಯವಾಗಿವೆ. 1916ರ ಸುಮಾರಿಗೆ ಆ ದೇಶದಲ್ಲಿ ಎರಡೂವರೆ ಲಕ್ಷ ಮೈಲಿಗಳಿಗೂ ಮೀರಿದ ರೈಲುಮಾರ್ಗವಿದ್ದಿತು. ಅಂದಿನಿಂದ ಅದು ಕುಗ್ಗುತ್ತಲೇ ಬಂದಿದೆ. ಅನೇಕ ಕಡೆ ಕಂಪನಿಗಳಿಗೆ ಇದ್ದದ್ದು ಹಾದುಹೋಗುವ ಹಕ್ಕು ಮಾತ್ರ. ಗಾಡಿ ನಿಂತೊಡನೆ ಆ ಹಕ್ಕು ಅಳಿದು, ನೆಲವು ತುಂಡುತುಂಡಾಗಿ ಪಕ್ಕದ ಜಮೀನುದಾರರಿಗೆ ಸೇರುತ್ತಿತ್ತು. ಕೆರೆಯ ಏರಿಯನ್ನು ಒಂದು ಕಡೆ ಒಡೆದರೆ ಸಾಕು, ಉಳಿದ ಏರಿ ಎಷ್ಟು ಭದ್ರವಾಗಿದ್ದರೂ ಕೆರೆ ಬರಿದಾಗುತ್ತದೆ. ರೈಲುದಾರಿಯ ಸ್ಥಿತಿಯೂ ಅದೇ. ಈ ನಷ್ಟವನ್ನು ತಡೆಯಲೆಂದು 1983ರಲ್ಲಿ ಅಲ್ಲಿಯ ಶಾಸನಸಭೆಯು ರಾಷ್ಟ್ರೀಯ ಪಥಗಳ ಕಾಯಿದೆಗೆ ತಿದ್ದುಪಡಿಯನ್ನು ತಂದಿತು. ಬಳಕೆ ನಿಂತ ದಾರಿಯನ್ನು ಯಾರಾದರೂ ಪಥಕ್ಕಾಗಿ ವಹಿಸಿಕೊಂಡರೆ, ಎಂದಾದರೂ ಅಲ್ಲಿಗೆ ರೈಲು ಮರಳಬಹುದೆಂಬ ನಿಬಂಧನೆಗೆ ಒಳಪಟ್ಟು, ಆ ದಾರಿಯು ಪರಿತ್ಯಕ್ತವಾಗಿಲ್ಲವೆಂದೇ ಭಾವಿಸತಕ್ಕದ್ದೆಂಬುದು ಅದರ ಸಾರ. ವರ್ಮಾಂಟ್ ರಾಜ್ಯದ ಭೂಮಾಲಿಕ ದಂಪತಿಗಳು ಇದನ್ನು ಪ್ರಶ್ನಿಸಿದಾಗ, 1990ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ನೆಲ ಕಳೆದುಕೊಂಡೆವೆಂಬವರು ಸರಕಾರದಿಂದ ಪರಿಹಾರವನ್ನು ಕೇಳಬಹುದೆಂದೂ ಹೇಳಿತು. ಈ ತೀರ್ಪಿನ ಎರಡು ಭಾಗಗಳೂ ನನಗೆ ಸಮ್ಮತ. ದಾರಿ ಸಾರ್ವಜನಿಕರಿಗೆ ಬೇಕಾದರೆ ಅದರ ಬೆಲೆಯನ್ನು ಸಾರ್ವಜನಿಕರೇ ಕೊಡಬೇಕು. ತಲೆಮಾರುಗಳಿಂದ ಉಳುತ್ತ ಬಂದವನ ಹೊಲದ ಅಂಚನ್ನು ಲೋಕಹಿತದ ಹೆಸರಿನಲ್ಲಿ ಬಿಟ್ಟಿಯಾಗಿ ಪಡೆಯಲಾಗದು.

2014ರಲ್ಲಿ ವಯೋಮಿಂಗ್ ರಾಜ್ಯದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ಕೊಟ್ಟ ತೀರ್ಪು ಮಾತ್ರ ಖೇದಕರವಾದದ್ದು. 1875ರ ಶಾಸನದಂತೆ ಸರಕಾರದ ಭೂಮಿಯಲ್ಲಿ ರೈಲುಗಳಿಗೆ ದೊರೆತಿದ್ದುದು ಬರಿಯ ಹಾದಿಯ ಹಕ್ಕು, ರೈಲು ಬಿಟ್ಟು ಹೋದ ಮೇಲೆ ಆ ನೆಲದ ಮೇಲೆ ಸರಕಾರಕ್ಕೇನೂ ಉಳಿಯದು ಎಂದು ಎಂಟು ನ್ಯಾಯಮೂರ್ತಿಗಳು ನಿರ್ಣಯಿಸಿದರು. ಸೋನಿಯಾ ಸೋಟೊಮೇಯರ್ ಒಬ್ಬರೇ ಭಿನ್ನಮತವನ್ನಿತ್ತರು. ಸಾರ್ವಜನಿಕ ಭೂಮಿಯಿಂದಲೇ ಸಾರ್ವಜನಿಕ ಪ್ರಯೋಜನಕ್ಕಾಗಿ ಕೊಟ್ಟ ದಾರಿಯು, ಆ ಪ್ರಯೋಜನದ ರೂಪ ಬದಲಾದ ಮಾತ್ರಕ್ಕೆ ಖಾಸಗಿ ಸ್ವತ್ತಾಗುವುದಾದರೆ, ಕೊಟ್ಟ ಜನತೆಗೆ ಉಳಿದದ್ದೇನು? ನಾನು ಆ ಒಬ್ಬರ ಪಕ್ಷದವನು.

ಅಡಿರಾಂಡಕ್ಕಿನ ರೈಲುಪ್ರೇಮಿಗಳು ಇದನ್ನೆಲ್ಲ ಚಿತ್ತವಿಟ್ಟು ಯೋಚಿಸಬೇಕು. ರೈಲುದಾರಿಯಲ್ಲಿ ದುರ್ಲಭವಾದದ್ದು ಕಬ್ಬಿಣವಲ್ಲ. ಕಬ್ಬಿಣ ಹಣಕ್ಕೆ ಸಿಕ್ಕುತ್ತದೆ, ಸ್ಲೀಪರು ಸಿಕ್ಕುತ್ತದೆ. ಗುಡ್ಡವನ್ನು ಕಡಿದು, ಹಳ್ಳವನ್ನು ತುಂಬಿ, ಸೌಮ್ಯವಾದ ಏರಿಳಿತವನ್ನು ಸಾಧಿಸಿ, ಊರಿನಿಂದ ಊರಿಗೆ ಅಖಂಡವಾಗಿ ಹಾಯ್ದ ನೆಲ ಮಾತ್ರ ಒಮ್ಮೆ ಕೈಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ. ವೆಬ್ಬನಿಗೆ ಹದಿನೆಂಟು ತಿಂಗಳು ಹಿಡಿದ ಕೆಲಸಕ್ಕೆ ಇಂದು ಅನುಮತಿಯನ್ನು ಪಡೆಯುವುದಕ್ಕೇ ಒಂದು ಆಯುಷ್ಯ ಸಾಲದು. ಆ ನೆಲವನ್ನು ಕಾಯುವವರಾರು? ಗಿಡ ಬೆಳೆದ ಹಳಿಯ ಕುಸಿತವನ್ನು ನೋಡುವವರೇ ಇರುವುದಿಲ್ಲ. ಜನ ದಿನವೂ ನಡೆಯುವ ಪಥದಲ್ಲಿ ಮೋರಿ ಕಟ್ಟಿದರೆ ಅಂದೇ ದೂರು ಹೋಗುತ್ತದೆ. ಯಾರಾದರೂ ಬೇಲಿಯನ್ನು ಒಂದು ಗಜ ಒಳಗೆ ಸರಿಸಿದರೆ ಮರುದಿನವೇ ಹತ್ತು ಮಂದಿ ಕೇಳುತ್ತಾರೆ. ಶಾಲೆಯ ಮಕ್ಕಳು, ಮಂಡಿನೋವಿನ ವೃದ್ಧರು, ಗಾಲಿಕುರ್ಚಿಯಲ್ಲಿ ಕುಳಿತವರು ಆ ಪರ್ವತಗಳ ಕಡಿದಾದ ಕಾಲುದಾರಿಗಳನ್ನು ಏರಲಾರರು. ಉಗಿಬಂಡಿಯ ಅನುಕೂಲಕ್ಕಾಗಿ ಸಮಮಾಡಿದ ಏರಿಯ ಮೇಲೆ ಅವರೂ ಸರೋವರದ ಅಂಚಿಗೆ ಹೋಗಬಲ್ಲರು. ಹಿಮ ತೆಳುವಾದ ವರ್ಷಗಳಲ್ಲಿ ಹಳಿಗೆ ತಾಗಿ ನಿಲ್ಲುತ್ತಿದ್ದ ಹಿಮವಾಹನಗಳೂ ಈಗ ಸಾಗುತ್ತವೆ. ಅವುಗಳ ಸದ್ದು ನನಗೆ ಪ್ರಿಯವಲ್ಲ. ಆದರೆ ಚಳಿಗಾಲದಲ್ಲಿ ಆ ಊರುಗಳ ಅಂಗಡಿ, ಊಟದ ಮನೆಗಳು ಬದುಕುವುದು ಆ ಸವಾರರಿಂದಲೂ ಹೌದು, ಮತ್ತು ಎಲ್ಲರ ದಾರಿಯೆಂದ ಮೇಲೆ ನನಗೆ ಪ್ರಿಯರಾದವರಿಗೆ ಮಾತ್ರ ಅದನ್ನು ಮೀಸಲಿಡುವಂತಿಲ್ಲ.

ನಡೆದಾಡಿದ ದಾರಿಗೆ ರೈಲು ಮರಳುವುದಿಲ್ಲವೆಂಬ ಭೀತಿಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಟ್ಟದ ದಾರಿಯು, ಅದೂ ಸುಮಾರು 55 ಕಿಲೋಮೀಟರುಗಳದ್ದೇ, 1996ರಲ್ಲಿ ಗೇಜು ಬದಲಾವಣೆಗಾಗಿ ಮುಚ್ಚಿತು. ಅದರ 57 ಸುರಂಗಗಳಲ್ಲಿಯೂ ನೂರಕ್ಕೂ ಮೀರಿದ ಸೇತುವೆಗಳ ಮೇಲೂ, ಯಾರ ಏರ್ಪಾಡೂ ಇಲ್ಲದೆ, ನಾಡಿನ ತರುಣರು ಚಾರಣ ಮಾಡಿದರು. ಘಟ್ಟದ ಮಳೆಗಾಡನ್ನು ಅಷ್ಟು ಹತ್ತಿರದಿಂದ ಕಂಡ ತಲೆಮಾರು ಅದು. 2006ರಲ್ಲಿ ಸರಕಿನ ಗಾಡಿಯೂ 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿಯೂ ಮರಳಿದವು. ಇಂದು ಅಲ್ಲಿ ನಡೆಯುವುದು ನಿಷಿದ್ಧ, ಮತ್ತು ಗಾಡಿ ಓಡುವ ಸುರಂಗದಲ್ಲಿ ಅದು ನಿಷಿದ್ಧವಾಗಿರುವುದೇ ಸರಿ. ರೈಲು ಮರಳಲು ಕಾರಣ ಚಾರಣಿಗರೆಂದು ನಾನು ಹೇಳುತ್ತಿಲ್ಲ. ನೆಲವು ಒಂದೇ ಕೈಯಲ್ಲಿ, ರೈಲ್ವೆಯ ಕೈಯಲ್ಲಿ, ಅಖಂಡವಾಗಿ ಉಳಿದಿತ್ತು, ಅದೇ ಕಾರಣ. ನಡೆದವರ ಹೆಜ್ಜೆಗಳು ಮರಳಿ ಬಂದ ರೈಲಿಗೆ ಅಡ್ಡಿಯಾಗಲಿಲ್ಲ, ಅಷ್ಟೆ.

ಇನ್ನು ನ್ಯೂಯಾರ್ಕ್ ಸರಕಾರದಿಂದ ಆಗಬೇಕಾದ ಕಾರ್ಯಗಳು ಎರಡು. ದಾರಿಯ ಯಾವ ತುಂಡಿನ ಹಕ್ಕಿನಲ್ಲಿ ಸಂದೇಹವಿದ್ದರೂ ಯೋಗ್ಯವಾದ ಬೆಲೆಯನ್ನು ಕೊಟ್ಟು ಅದನ್ನು ರಾಜ್ಯದ್ದಾಗಿಸಿ, ಮುಂದೆ ಅದರ ಒಂದು ಗಜವನ್ನೂ ಪರಭಾರೆ ಮಾಡಕೂಡದೆಂದು ಶಾಸನದಲ್ಲಿಯೇ ಬರೆಯಿಸುವುದು ಮೊದಲನೆಯದು. ದಕ್ಷಿಣದ 85 ಮೈಲಿಗಳಲ್ಲಿ ಕೊಟ್ಟ ಮಾತನ್ನು ನಡೆಸುವುದು ಎರಡನೆಯದು. ರೈಲಿನ ಪಕ್ಷದವರು ಉತ್ತರದ ಭಾಗವನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಅವರಿಗೆ ದೊರೆಯಬೇಕಾದದ್ದು ಎಲೆ ಕೆಂಪಾಗುವ ಋತುವಿನ ವಿಹಾರದ ಗಾಡಿಯಷ್ಟೇ ಆಗಬಾರದು. ದೂರದ ಊರುಗಳ ಗಾಡಿಗಳು ಬಂದು ನಿಲ್ಲುವ ಯುಟಿಕಾ ನಿಲ್ದಾಣದಿಂದ ಟಪ್ಪರ್ ಲೇಕಿಗೆ, ವೇಳಾಪಟ್ಟಿಯನ್ನು ನಂಬಿ ಜನ ಹೊರಡಬಹುದಾದಂತೆ, ಸೈಕಲ್ಲುಗಳಿಗೂ ಗಾಲಿಕುರ್ಚಿಗಳಿಗೂ ಸ್ಥಳವುಳ್ಳ ಗಾಡಿಯು ಕ್ರಮವಾಗಿ ಓಡಬೇಕು. ಆ ಗಾಡಿಯಿಂದ ಇಳಿದವನು ಹತ್ತು ಹೆಜ್ಜೆಯಲ್ಲಿ ಪಥವನ್ನು ಸೇರುವಂತಿರಬೇಕು. ಮತ್ತು ಅದಕ್ಕೆ ಬೇಕಾದ ಹಣವನ್ನು ಪಥಕ್ಕೆ ಕೊಟ್ಟಷ್ಟೇ ಧಾರಾಳವಾಗಿ ರಾಜ್ಯವು ಕೊಡಬೇಕು.