ಪಾಠಕ್ಕೊಂದು ಪ್ರತ್ಯೇಕ ಕಿಟಕಿ

ಓಮ್‌ನ ನಿಯಮ ಕಲಿಯಲು ಕುಳಿತ ಮಗು ಬ್ರೌಸರ್‌ನಲ್ಲಿ ಹತ್ತು ಕಡೆ ಅಲೆಯುತ್ತದೆ ಎಂಬುದು ಅನೇಕ ಪಾಲಕರ ಅಳಲು. ಲಿನಕ್ಸ್ ಮಿಂಟ್ ಬಳಸುವವರಿಗೆ ಇದಕ್ಕೊಂದು ಸರಳ ಉಪಾಯವಿದೆ. 2021ರಿಂದ ಅದರ ಜೊತೆಗೇ ಬರುತ್ತಿರುವ ‘ವೆಬ್ ಆ್ಯಪ್ಸ್’ ತೆರೆಯಿರಿ. ಕೂಡಿಸುವ ಚಿಹ್ನೆ ಒತ್ತಿ ಹೆಸರು, ಜಾಲತಾಣದ ವಿಳಾಸ ತುಂಬಿ, ಬ್ರೌಸರ್ ಆರಿಸಿರಿ. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಪ್ರಯೋಗಗಳು ಇನ್ನು ಮೆನುವಿನಲ್ಲೇ ಸಿಗುತ್ತವೆ, ತಮ್ಮದೇ ಕಿಟಕಿಯಲ್ಲಿ ತೆರೆದುಕೊಳ್ಳುತ್ತವೆ. ಬೇರೆ ಟ್ಯಾಬ್‌ಗಳು ಕಣ್ಣಿಗೆ ಬೀಳುವುದಿಲ್ಲ.

ಆದರೆ ನಲ್ಲಿ ಮನೆಯಲ್ಲಿದ್ದರೂ ನೀರು ಟ್ಯಾಂಕಿನಿಂದಲೇ ಬರಬೇಕಲ್ಲವೆ? ಅಂತರಜಾಲ ನಿಂತರೆ ಕಿಟಕಿಯೂ ಖಾಲಿ. ಆದ್ದರಿಂದ ಪರೀಕ್ಷೆಗೆ ಬೇಕಾದ ಫೆಟ್ ಪ್ರಯೋಗಗಳನ್ನು ಮೊದಲೇ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿರಿ.

ವಿದ್ಯಾರ್ಥಿಗಳೇ, ವಿಭವಾಂತರ ಬದಲಿಸದೆ ರೋಧವನ್ನು ಎರಡರಷ್ಟು ಮಾಡಿರಿ. ವಿದ್ಯುತ್ ಪ್ರವಾಹ ಎಷ್ಟಾಯಿತು? ಕಾರಣವನ್ನು ಪಕ್ಕದಲ್ಲಿ ಕುಳಿತ ಅಪ್ಪ ಅಮ್ಮನಿಗೆ ವಿವರಿಸಿರಿ.