ಅಡವಿಟ್ಟಿರುವುದು ನೆರೆಹೊರೆಯನ್ನು

2023ರ ನವೆಂಬರ್‌ನಲ್ಲಿ ತುಮಕೂರಿನ ಸದಾಶಿವನಗರದಲ್ಲಿ ಒಂದೇ ಮನೆಯ ಐವರು ಸತ್ತರು. ಅವರಲ್ಲಿ ಮೂವರು ಮಕ್ಕಳು. ಸಾಲ, ಕಿರುಕುಳ ಎಂಬ ಎರಡು ಪದಗಳು ನಾಲ್ಕು ದಿನ ಪತ್ರಿಕೆಗಳಲ್ಲಿ ಓಡಾಡಿ ಮರೆಯಾದವು. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ನಾವು ಕೇಳುವ ಪ್ರಶ್ನೆ ಬೇರೆ. ಬೀಡಿ ಕಟ್ಟಿ, ತಳ್ಳುಗಾಡಿ ನೂಕಿ ಬದುಕುವವರ ಮೊಹಲ್ಲಾಗಳಲ್ಲಿ ಔಷಧಿಗಿಂತ ಸಾಲ ಸುಲಭವಾಗಿ ಸಿಗುವುದೇಕೆ?

ಇಂತಹ ಮೊಹಲ್ಲಾಗಳಿಗೆ ಈಗ ಬಾಗಿಲಿಗೇ ಬರುವುದು ಗುಂಪು ಸಾಲ. ಆಧಾರ್ ಕಾರ್ಡ್ ಸಾಕು, ಅಡವು ಬೇಕಿಲ್ಲ ಎನ್ನುತ್ತಾರೆ. ಸುಳ್ಳು. ಅಡವಿಟ್ಟಿರುವುದು ನೆರೆಹೊರೆಯನ್ನು. ಒಬ್ಬಳು ಕಂತು ತಪ್ಪಿಸಿದರೆ ಗುಂಪಿನ ಉಳಿದವರು ತುಂಬಬೇಕು. ಹೀಗಾಗಿ ಕಂಪನಿಯವನು ಗದರಿಸುವ ಮೊದಲೇ, ನಿನ್ನೆ ಸಾರು ಕೊಟ್ಟು ಕಳಿಸಿದ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಕೂಗುತ್ತಾಳೆ. ವಸೂಲಿಗೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಕಿರುಸಾಲದ ಬಡ್ಡಿಗಿದ್ದ ಮಿತಿಯನ್ನು ತೆಗೆದುಹಾಕಿತು. ವಿಪರೀತ ಬಡ್ಡಿ ಬೇಡವೆಂಬ ಬುದ್ಧಿಮಾತು ಉಳಿಯಿತು. ಬುದ್ಧಿಮಾತು ಎಷ್ಟು ನಾಟಿತೆಂದರೆ, 2024ರ ಅಕ್ಟೋಬರ್‌ನಲ್ಲಿ ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ ಅದೇ ಬ್ಯಾಂಕ್ ತಡೆಯಬೇಕಾಯಿತು. ಆ ತಡೆಯೂ ಕೆಲವೇ ತಿಂಗಳಲ್ಲಿ ತೆರವಾಯಿತು. ಅದೇ 2022ರ ನಿಯಮದಂತೆ ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಕೇಳಲು ಚೆನ್ನಾಗಿದೆ. 12 ಸಾವಿರ ದುಡಿಯುವ ಮನೆಗೆ 6 ಸಾವಿರದ ಕಂತು ನ್ಯಾಯವೆಂದಾಯಿತು! ಉಳಿದ 6 ಸಾವಿರದಲ್ಲಿ ಬಾಡಿಗೆ, ಗ್ಯಾಸ್, ಶಾಲೆ ಫೀಸು, ಆಸ್ಪತ್ರೆ. ಈ ನಿಯಮ ಬರೆದವರು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದವರಲ್ಲ.

ರಾಜ್ಯ ಸರಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿಯಿಲ್ಲದವರು ಬಡವರಿಗೆ ಕೊಟ್ಟ ಸಾಲವೇ ರದ್ದು. ಮೆಚ್ಚೋಣ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳು, ಹಣಕಾಸು ಕಂಪನಿಗಳು ಇದರ ವ್ಯಾಪ್ತಿಗಿಲ್ಲ. ಸಣ್ಣ ಮೀನಿಗೆ ಬಲೆ, ತಿಮಿಂಗಿಲಕ್ಕೆ ಕಡಲು.

ಇನ್ನು ನಮ್ಮ ಜಮಾಅತ್‌ಗಳ ಮಾತು. 2009ರಲ್ಲಿ ಕೋಲಾರದಲ್ಲಿ ರೇಷ್ಮೆ ಕೆಲಸ ಕುಸಿದು, ಒಂದೊಂದು ಮನೆಯ ಮೇಲೆ ಹಲವು ಕಂಪನಿಗಳ ಕಂತು ಬಿದ್ದಾಗ, ಅಲ್ಲಿನ ಅಂಜುಮನ್ ಕಂತು ಕಟ್ಟಬೇಡಿ ಎಂದಿತು. ಶಿಡ್ಲಘಟ್ಟ, ರಾಮನಗರಗಳಲ್ಲೂ ಕಂತು ನಿಂತಿತು. ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ಆದರೆ ಹೆರಿಗೆಯ ಖರ್ಚು, ಮಗಳ ಮದುವೆ ನಿಲ್ಲುವುದುಂಟೇ? ಬೇಡ ಎಂದವರು ಬದಲಿಗೆ ಏನನ್ನು ಕೈಗಿತ್ತರು?

ಬಡ್ಡಿ ಹರಾಮ್ ಎಂದು ಮಿಂಬರ್‌ನಿಂದ ಹೇಳುವುದು ಸುಲಭ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಒಬ್ಬನೆಂಬುದನ್ನು ಅಲ್ಲಿಂದ ಕೇಳುವುದು ಅಪರೂಪ. ರಮಝಾನಿನಲ್ಲಿ ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವ ಕಮಿಟಿಗಳು ಆ ಪಾಲನ್ನು ಯಾರ ಕೈಗೆ ಮುಟ್ಟಿಸಿವೆ? ಪ್ರತಿ ಮೊಹಲ್ಲಾದಲ್ಲಿ ಬಡ್ಡಿಯಿಲ್ಲದ ಸಣ್ಣ ನಿಧಿ ಬೇಕು. ಆಸ್ಪತ್ರೆಗೆ 10 ಸಾವಿರ, ಹೊಲಿಗೆ ಯಂತ್ರಕ್ಕೆ 15 ಸಾವಿರ, ಕೊಡುವಾಗ ಜಾತಿ ಧರ್ಮ ಕೇಳದೆ, ಮರುಪಾವತಿಗೆ ನೆರೆಯವಳನ್ನು ಎಳೆಯದೆ. ಶಾದಿಮಹಲಿನ ಬಾಡಿಗೆಯನ್ನು ಪೈಸೆ ಬಿಡದೆ ಬರೆದಿಡುವ ಕಮಿಟಿಗಳಿಗೆ ಈ ಲೆಕ್ಕ ಇಡುವುದು ಅಷ್ಟೊಂದು ಕಷ್ಟವೇ?